ಡಿ'ಸೋಜ ಎಂದು ಹುಡುಕಿದಾಗ

"ಡಿ'ಸೋಜ ಅಂತ ಹಾಕಿದ ಕೂಡಲೇ ಪೇಜ್ ಖಾಲಿ ಆಗ್ತದೆ ಮಾರಾಯ್ರೆ. ಶೆಟ್ರದ್ದು, ಪೂಜಾರಿಯವರದ್ದು ಎಲ್ಲ ಸರಿ ಬರ್ತದೆ."

2014ರ ಮಳೆಗಾಲ. ಬಂಟ್ವಾಳದ ಕಡೆಯ ಒಂದು ಹಾಲಿನ ಸೊಸೈಟಿಯ ಕಾರ್ಯದರ್ಶಿ ಫೋನು ಮಾಡಿದ್ದರು. ಸದಸ್ಯರ ಹೆಸರು ಹುಡುಕಿ ಹಾಲಿನ ಲೆಕ್ಕ ತೋರಿಸುವ ಪಿಎಚ್‌ಪಿ ಭಾಷೆಯ ಪ್ರೋಗ್ರಾಂ ಬರೆದುಕೊಟ್ಟವನು ನಾನು.

ಟೈಪ್ ಮಾಡಿದ ಹೆಸರನ್ನು ನಾನು ನೇರ ಕ್ವೆರಿಯ (ಡೇಟಾಬೇಸಿಗೆ ಕೇಳುವ ಪ್ರಶ್ನೆಯ) ಒಳಗೇ ಅಂಟಿಸಿದ್ದೆ. ಡಿ ಆದ ಮೇಲೆ ಬರುವ ಆ ಒಂಟಿ ಚಿಹ್ನೆ ಕಂಡದ್ದೇ ಹೆಸರು ಅಲ್ಲಿಗೆ ಮುಗಿಯಿತೆಂದು ಡೇಟಾಬೇಸ್ ಆಗಿದ್ದ ಮೈಎಸ್‌ಕ್ಯೂಎಲ್ ತಿಳಿಯಿತು. ಉಳಿದ 'ಸೋಜ'ವನ್ನು ಆಜ್ಞೆಯೆಂದು ಓದಹೋಗಿ ಎರರ್ ಕೊಟ್ಟಿತು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅದೇ ಚಿಹ್ನೆಯ ಮುಂದೆ ಯಾರಾದರೂ ಬೇಕೆಂದೇ ಸದಾ ನಿಜವಾಗುವ ಒಂದು ಷರತ್ತು ಬರೆದಿದ್ದರೆ, ಇಡೀ ಊರಿನ ಲೆಕ್ಕ ಅವರ ಕಣ್ಣೆದುರು ಬಿಚ್ಚಿಕೊಳ್ಳುತ್ತಿತ್ತು.

ಬೆಳಿಗ್ಗೆ ಎಲ್ಲ ಕ್ವೆರಿಗಳನ್ನೂ ಪ್ರಿಪೇರ್ಡ್ ಸ್ಟೇಟ್‌ಮೆಂಟಿಗೆ ಬದಲಿಸಲು ಕೂತೆ. ಹೆಸರಿನ ಜಾಗದಲ್ಲಿ ಪ್ರಶ್ನೆ ಚಿಹ್ನೆ ಇಟ್ಟು ಪ್ರಿಪೇರ್, ಆಮೇಲೆ ಬೈಂಡ್ ಪ್ಯಾರಂ, ಎಕ್ಸಿಕ್ಯೂಟ್. ಕ್ವೆರಿ ಮೊದಲೇ ಸರ್ವರಿಗೆ ಹೋಗಿ ಸಿದ್ಧವಾಗಿರುತ್ತದೆ, ಹೆಸರು ಆಮೇಲೆ ಬೇರೆಯಾಗಿ ಹೋಗುತ್ತದೆ. ಹಾಗಾಗಿ ಅದರಲ್ಲಿ ಯಾವ ಚಿಹ್ನೆ ಇದ್ದರೂ ಅದು ಬರೀ ಹೆಸರೇ. (ಹೆಸರಿನ ಒಂದು ಭಾಗದಿಂದಲೇ ಹುಡುಕಲು ಲೈಕ್ ಬಳಸುವವರು ಪರ್ಸೆಂಟ್ ಚಿಹ್ನೆಯನ್ನು ಹೆಸರಿಗೇ ಸೇರಿಸಿ ಕಳಿಸಬೇಕು, ಪ್ರಶ್ನೆ ಚಿಹ್ನೆಯ ಪಕ್ಕದಲ್ಲಿ ಇಟ್ಟರೆ ಆಗುವುದಿಲ್ಲ.)

ಕಳಿಸುವುದನ್ನು ಎಲ್ಲರೂ ಹೇಳಿಕೊಡುತ್ತಾರೆ. ನನ್ನನ್ನು ಎರಡು ದಿನ ಕಾಡಿದ್ದು ಉತ್ತರವನ್ನು ಹೊರಗೆ ತೆಗೆಯುವ ಕೆಲಸ. ನನ್ನ ಲ್ಯಾಪ್‌ಟಾಪಿನಲ್ಲಿ ಉತ್ತರವನ್ನು ಒಟ್ಟಿಗೆ ಕೊಡುವ ಗೆಟ್ ರಿಸಲ್ಟ್ ಎಂಬ ಕರೆ ಚೆನ್ನಾಗಿ ನಡೆಯಿತು, ಹೋಸ್ಟಿಂಗ್ ಸರ್ವರಿನಲ್ಲಿ 'ಅನ್‌ಡಿಫೈನ್ಡ್ ಮೆಥಡ್' (ಅಂಥ ಕರೆಯೇ ಇಲ್ಲ) ಎಂದಿತು. ಅದಕ್ಕೆ ಪಿಎಚ್‌ಪಿಯನ್ನು ಮೈಎಸ್‌ಕ್ಯೂಎಲ್‌ಗೆ ಜೋಡಿಸುವ ಮೈಎಸ್‌ಕ್ಯೂಎಲ್‌ಎನ್‌ಡಿ ಡ್ರೈವರ್ ಬೇಕು. ಅಲ್ಲಿ ಪಿಎಚ್‌ಪಿಯನ್ನು ಹಳೆಯ ಲೈಬ್ರರಿಯ ಮೇಲೆ ಕಟ್ಟಿದ್ದರು.

ಉಳಿದದ್ದು ಉತ್ತರದ ಕಾಲಂಗಳನ್ನು ವೇರಿಯಬಲ್‌ಗಳಿಗೆ ಕಟ್ಟುವ ಬೈಂಡ್ ರಿಸಲ್ಟ್. ಕಾಲಂಗಳ ಹೆಸರು ತೆಗೆದು, ಒಂದು ಅರೇಯ (ಸಾಲು ಮನೆಗಳ ಡಬ್ಬಿಯ) ಒಂದೊಂದು ಮನೆಯನ್ನು ಒಂದೊಂದು ಕಾಲಂಗೆ ಕಟ್ಟಿ, ಪ್ರತಿ ಫೆಚ್ (ಒಂದು ಸಾಲು ತರುವುದು) ಆದಾಗಲೂ ಆ ಅರೇಯನ್ನು ಪಟ್ಟಿಗೆ ಸೇರಿಸಿದೆ. ಪರದೆಯ ಮೇಲೆ 14 ಸಾಲು ಬಂತು. ಹದಿನಾಲ್ಕರಲ್ಲೂ ಕೊನೆಯ ಸದಸ್ಯರದ್ದೇ ಹೆಸರು, ಅವರದ್ದೇ ಲೀಟರು, ಅವರದ್ದೇ ಬಾಕಿ!

ಡೇಟಾಬೇಸ್ ಕೆಟ್ಟಿತೆಂದೇ ಹೆದರಿದೆ. ಅದು ಸರಿಯಾಗಿಯೇ ಇತ್ತು. ಬೈಂಡ್ ರಿಸಲ್ಟ್ ವೇರಿಯಬಲ್‌ಗಳನ್ನು ರೆಫರೆನ್ಸಿನಿಂದ, ಅಂದರೆ ನಕಲು ಮಾಡದೆ ಮೂಲದ ಜಾಗವನ್ನೇ, ಹಿಡಿದಿರುತ್ತದೆ. ಅರೇಯನ್ನು ಪಟ್ಟಿಗೆ ಸೇರಿಸಿದರೂ ಒಳಗಿನ ಮನೆಗಳು ರೆಫರೆನ್ಸ್ ಆಗಿಯೇ ಉಳಿಯುತ್ತವೆ. ಮುಂದಿನ ಫೆಚ್ ಹೊಸ ಹೆಸರು ತುಂಬಿದ ಕೂಡಲೇ ಹಿಂದೆ ಸೇರಿಸಿದ ಸಾಲುಗಳೂ ಬದಲಾಗುತ್ತವೆ. ಒಂದೊಂದೇ ಮನೆಗೆ ಹೋಗುವ ಒಂದು ಫೋರ್‌ಈಚ್ ಹಾಕಿ, ಅದರಲ್ಲಿದ್ದದ್ದನ್ನು ಹೊಸ ಅರೇಗೆ ನಕಲು ಮಾಡಿದ ಮೇಲೆ 14 ಜನರೂ ಅವರವರ ಹೆಸರಿನಲ್ಲೇ ಕಂಡರು. ಇನ್ನೊಂದು: ಉತ್ತರವನ್ನೆಲ್ಲ ತಂದಿಟ್ಟುಕೊಳ್ಳುವ ಸ್ಟೋರ್ ರಿಸಲ್ಟ್ ಕರೆಯುವವರೆಗೆ, ಸಾಲುಗಳನ್ನು ಎಣಿಸುವ ನಮ್ ರೋಸ್ ಸೊನ್ನೆಯನ್ನೇ ತೋರಿಸುತ್ತಿತ್ತು. 'ಸದಸ್ಯರು ಇಲ್ಲ' ಎಂಬ ಸಂದೇಶ ಬಂದದ್ದು ಅದರಿಂದ.

ಪಿಎಚ್‌ಪಿ 8.2ರಿಂದ ಮೈಎಸ್‌ಕ್ಯೂಎಲ್ ಜೊತೆ ಮಾತಾಡುವ ಮೈಎಸ್‌ಕ್ಯೂಎಲ್‌ಐ ಎಂಬ ಭಾಗಕ್ಕೆ ಆ ಹಳೆಯ ಲೈಬ್ರರಿಯ ದಾರಿಯೇ ಇಲ್ಲ, ಗೆಟ್ ರಿಸಲ್ಟ್ ಸಿಕ್ಕೇ ಸಿಗುತ್ತದೆ. ಎಕ್ಸಿಕ್ಯೂಟ್ ಕ್ವೆರಿ ಎಂಬ ಒಂದೇ ಕರೆಯಲ್ಲಿ ಪ್ರಿಪೇರ್, ಬೈಂಡ್, ಎಕ್ಸಿಕ್ಯೂಟ್ ಮೂರೂ ಮುಗಿಯುತ್ತವೆ. ಸೊಸೈಟಿಯ ಪ್ರೋಗ್ರಾಂ ಕಳೆದ ತಿಂಗಳು ಅದಕ್ಕೆ ಬಂತು. ಆ ಫೋರ್‌ಈಚ್ ಅಳಿಸಿ, ಮೊದಲು ಡಿ'ಸೋಜ ಎಂದೇ ಹುಡುಕಿದೆ. ಈಗ 17 ಮಂದಿ ಇದ್ದಾರೆ.