ಫೈರ್‌ಫಾಕ್ಸ್ 57 ಬೀಟಾ: ಹಾಕೋದಾ, ಬೇಡವಾ?

2017ರ ಅಕ್ಟೋಬರ್. ಫೈರ್‌ಫಾಕ್ಸ್ ಬ್ರೌಸರ್ ಬಳಸುವವರ ಬಾಯಲ್ಲಿ ಆಗ ಒಂದೇ ಸಂಖ್ಯೆ, ಮುಂದೆ ಬರಲಿದ್ದ ಆವೃತ್ತಿ 57. ನವೆಂಬರ್ 14ಕ್ಕೆ ಬಿಡುಗಡೆ ಅಂತ ದಿನ ಗೊತ್ತಾಗಿತ್ತು. ಪರೀಕ್ಷೆಗೆ ಅಂತ ಮುಂಚಿತವಾಗಿ ಬಿಡುವ ಬೀಟಾ ಆವೃತ್ತಿ ಮಾತ್ರ ಸೆಪ್ಟೆಂಬರ್ ಕೊನೆಯಲ್ಲೇ ಬಂದುಬಿಟ್ಟಿತ್ತು. ಬೇಕಾದವರು ಇಳಿಸಿಕೊಂಡು ಹಾಕಿಕೊಳ್ಳಬಹುದಿತ್ತು. ಹಾಕಿಕೊಂಡವರೆಲ್ಲ ಎಷ್ಟು ಫಾಸ್ಟ್ ಆಗಿದೆ ಗೊತ್ತಾ ಅನ್ನುತ್ತಿದ್ದರು. ನನಗೂ ಆಸೆ ಹತ್ತಿತ್ತು. ಒಂದು ಶನಿವಾರ ಬೇರೆ ಕೆಲಸ ಯಾವುದೂ ಇಟ್ಟುಕೊಳ್ಳದೆ, ಹಾಕೋದೋ ಬೇಡವೋ ಇವತ್ತೇ ತೀರ್ಮಾನ ಆಗಲಿ ಅಂತ ಕಂಪ್ಯೂಟರ್ ಮುಂದೆ ಕೂತೆ.

ಆಸೆ ಸುಮ್ನೆ ಹುಟ್ಟಿದ್ದಲ್ಲ. ನಾನು ಬ್ರೌಸರ್ ಅನ್ನು ಬೆಳಗ್ಗೆ ತೆರೆದರೆ ರಾತ್ರಿಯೇ ಮುಚ್ಚುವುದು. ಟ್ಯಾಬುಗಳು ಜಾಸ್ತಿಯಾದ ಹಾಗೆ ಅದು ನಿಧಾನ ಆಗುವುದು ನನಗೆ ರೂಢಿಯಾಗಿತ್ತು. 57ರಲ್ಲಿ ಪುಟಗಳನ್ನು ತೆರೆದು ತೋರಿಸುವ ಒಳಗಿನ ಎಂಜಿನ್‌ನ ದೊಡ್ಡ ದೊಡ್ಡ ಭಾಗಗಳನ್ನೇ ಬದಲಾಯಿಸಿದ್ದರು. ಸರ್ವೋ ಅನ್ನುವ ಪ್ರಯೋಗದ ಎಂಜಿನ್‌ನಿಂದ ಸ್ಟೈಲೋ ಅನ್ನುವ ತುಂಡನ್ನು ತಂದು ಜೋಡಿಸಿದ್ದರು. ರಸ್ಟ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದದ್ದು ಅದು. ಪುಟದ ಬಣ್ಣ, ಅಳತೆ, ಅಕ್ಷರ ಹೇಗಿರಬೇಕು ಅನ್ನುವ ಲೆಕ್ಕವನ್ನು ಮೊದಲು ಪ್ರೊಸೆಸರಿನ ಒಂದೇ ಕೋರ್ ಮಾಡುತ್ತಿತ್ತು. ಈಗ ಎಲ್ಲ ಕೋರ್‌ಗಳೂ ಹಂಚಿಕೊಂಡು ಮಾಡುತ್ತವೆ. ಆರು ತಿಂಗಳ ಹಿಂದಿನ ಫೈರ್‌ಫಾಕ್ಸ್‌ಗಿಂತ ಎರಡರಷ್ಟು ವೇಗ ಅಂತ ಫೈರ್‌ಫಾಕ್ಸ್ ತಯಾರಿಸುವ ಮೊಝಿಲ್ಲಾ ಸಂಸ್ಥೆ ಹೇಳಿಕೊಂಡಿತ್ತು. ಈ ಹೊಸ ರೂಪಕ್ಕೆ ಕ್ವಾಂಟಮ್ ಅಂತ ಹೆಸರನ್ನೂ ಇಟ್ಟಿದ್ದರು.

ಹಾಗಾದರೆ ಹಿಂದೆ ಮುಂದೆ ನೋಡುವುದಕ್ಕೆ ಏನಿತ್ತು? ಆಡ್‌ಆನ್‌ಗಳು, ಅಂದರೆ ಬ್ರೌಸರಿಗೆ ಹೊಸ ಸೌಲಭ್ಯ ಸೇರಿಸುವ ಪುಟ್ಟ ಪ್ರೋಗ್ರಾಂಗಳು.

ಆಗ ನನ್ನ ಹತ್ತಿರ ಇದ್ದದ್ದು 56. ಅದರಲ್ಲಿ ಆಡ್‌ಆನ್ ಪಟ್ಟಿ ತೆರೆದರೆ ಕೆಲವು ಹೆಸರುಗಳ ಪಕ್ಕದಲ್ಲಿ ಹಳದಿ ಬಣ್ಣದ ಪುಟ್ಟ ಪಟ್ಟಿಯೊಂದು ಕಾಣುತ್ತಿತ್ತು. ಅದರಲ್ಲಿ ಲೆಗಸಿ ಅಂತ ಬರೆದಿತ್ತು. ಅಂದರೆ ಇವು ಹಳೆಯ ಪದ್ಧತಿಯವು, 57ರಲ್ಲಿ ನಡೆಯುವುದಿಲ್ಲ. ಡೌನ್‌ದೆಮ್‌ಆಲ್ ಪಕ್ಕದಲ್ಲಿ ಹಳದಿ. ಟ್ಯಾಬ್ ಮಿಕ್ಸ್ ಪ್ಲಸ್ ಪಕ್ಕದಲ್ಲಿ ಹಳದಿ. ಸ್ಕ್ರ್ಯಾಪ್‌ಬುಕ್ ಪಕ್ಕದಲ್ಲೂ ಹಳದಿ. ಅಲ್ಲಿಗೆ ನನ್ನ ಕಣ್ಣು ನಿಂತಿತು.

ಡೌನ್‌ದೆಮ್‌ಆಲ್ ಹೋದರೆ ಹೋಗಲಿ ಅನ್ನಬಹುದು. ಒಂದು ಪುಟದಲ್ಲಿರುವ ಫೈಲುಗಳನ್ನೆಲ್ಲ ಒಟ್ಟಿಗೆ ಇಳಿಸಲು ಬೇರೆ ದಾರಿಗಳಿವೆ. ಟ್ಯಾಬ್ ಮಿಕ್ಸ್ ಪ್ಲಸ್‌ನಿಂದ ಟ್ಯಾಬುಗಳನ್ನು ಎರಡು ಮೂರು ಸಾಲಿನಲ್ಲಿ ಇಟ್ಟುಕೊಳ್ಳುವ ಸುಖ ಬಿಡುವುದು ಕಷ್ಟ, ಆದರೂ ಬಿಡಬಹುದು. ಸ್ಕ್ರ್ಯಾಪ್‌ಬುಕ್ ಕಥೆ ಬೇರೆ. ಓದಿ ಇಷ್ಟವಾದ ಪುಟವನ್ನು ಚಿತ್ರಗಳ ಸಮೇತ ನಮ್ಮ ಕಂಪ್ಯೂಟರಿನಲ್ಲೇ ಉಳಿಸಿಕೊಳ್ಳುವುದು, ಬೇಕಾದ ಸಾಲಿನ ಮೇಲೆ ಹಳದಿ ಬಣ್ಣ ಎಳೆಯುವುದು, ಪಕ್ಕದಲ್ಲಿ ಟಿಪ್ಪಣಿ ಅಂಟಿಸುವುದು, ಎಲ್ಲ ಅದರಲ್ಲಿ ಆಗುತ್ತಿತ್ತು. ನಾನು ವರ್ಷಗಟ್ಟಲೆ ಹಾಗೆ ಕೂಡಿಟ್ಟಿದ್ದೆ. ಅದರಲ್ಲಿ ಎಷ್ಟೋ ಪುಟಗಳು ಈಗ ಇಂಟರ್‌ನೆಟ್‌ನಲ್ಲೇ ಇಲ್ಲ. ಬರೆದವರು ತೆಗೆದಿದ್ದಾರೆ, ಇಲ್ಲವೇ ಆ ಸೈಟೇ ಮುಚ್ಚಿಹೋಗಿದೆ. ಇವನ್ನು ಕಳೆದುಕೊಂಡರೆ ಮತ್ತೆ ಎಲ್ಲಿಂದ ತರಲಿ?

ಇಷ್ಟಕ್ಕೂ ಹಳೆಯ ಆಡ್‌ಆನ್‌ಗಳನ್ನು ಯಾಕೆ ಕೈಬಿಟ್ಟರು ಅಂತ ಅರ್ಥವಾದ ಮೇಲೆ ನನಗೆ ಬೇಸರ ಇದ್ದರೂ ಸಿಟ್ಟು ಇರಲಿಲ್ಲ. ಹಳೆಯ ಪದ್ಧತಿಯಲ್ಲಿ ಆಡ್‌ಆನ್ ಬ್ರೌಸರಿನ ಯಾವ ಭಾಗಕ್ಕೆ ಬೇಕಾದರೂ ಕೈ ಹಾಕಬಹುದಿತ್ತು. ಸ್ಕ್ರ್ಯಾಪ್‌ಬುಕ್‌ನಂಥದ್ದು ಸಾಧ್ಯವಾದದ್ದೇ ಆ ಸ್ವಾತಂತ್ರ್ಯದಿಂದ. ಆದರೆ ಒಳಗಿನ ಒಂದು ಭಾಗ ಬದಲಾಯಿಸಿದರೂ ಎಲ್ಲೋ ಒಂದು ಆಡ್‌ಆನ್ ಮುರಿಯುತ್ತಿತ್ತು. ಕೆಟ್ಟ ಉದ್ದೇಶದ ಆಡ್‌ಆನ್‌ಗೂ ಅದೇ ಸ್ವಾತಂತ್ರ್ಯ ಸಿಗುತ್ತಿತ್ತು. ಕೆಲಸವನ್ನು ಹಲವು ಪ್ರೋಸೆಸ್‌ಗಳಿಗೆ ಹಂಚುವುದಕ್ಕೂ ಇದು ಅಡ್ಡಿ. ವೆಬ್‌ಎಕ್ಸ್‌ಟೆನ್ಶನ್ ಅನ್ನುವ ಹೊಸ ಪದ್ಧತಿಗೆ ಹೋಗುತ್ತೇವೆ ಅಂತ 2015ರ ಆಗಸ್ಟ್‌ನಲ್ಲೇ ಹೇಳಿದ್ದರು. ವೇಗ ಬೇಕು, ಹಳೆಯದೂ ಹಾಗೇ ಇರಬೇಕು ಅಂದರೆ ಆಗುವ ಮಾತಲ್ಲ, ಅಲ್ವಾ.

ಮೊದಲು ಹೊಳೆದ ಉಪಾಯ ಇಎಸ್‌ಆರ್. ಸಂಸ್ಥೆಗಳಿಗೆ ಅಂತ ಮಾಡುವ ಆವೃತ್ತಿ ಅದು. ಹೊಸ ಸೌಲಭ್ಯ ಬರುವುದಿಲ್ಲ, ಭದ್ರತೆಯ ತಿದ್ದುಪಡಿಗಳು ಮಾತ್ರ ಬರುತ್ತಿರುತ್ತವೆ. ಆಗಿದ್ದ ಇಎಸ್‌ಆರ್ 52 ಹಳೆಯ ಆಡ್‌ಆನ್‌ಗಳನ್ನು ನಡೆಸುತ್ತಿತ್ತು, 2018ರವರೆಗೂ ತಿದ್ದುಪಡಿ ಸಿಗುತ್ತಿತ್ತು. ಅಲ್ಲಿಗೆ ಇಳಿದುಬಿಟ್ಟರೆ ತಲೆನೋವೇ ಇಲ್ಲ ಅನ್ನಿಸಿತು. ಆಮೇಲೆ 55ರ ಬಿಡುಗಡೆ ಟಿಪ್ಪಣಿ ಓದಿದೆ. 55 ಅಥವಾ ಅದರ ಮುಂದಿನದನ್ನು ಹಾಕಿದವರು ಹಿಂದಿನ ಆವೃತ್ತಿಗೆ ಇಳಿದರೆ ತೊಂದರೆ ಆಗಬಹುದು, ಮೊದಲು ಇದು ನಡೆದಿದ್ದರೂ ಫೈರ್‌ಫಾಕ್ಸ್ ಇದನ್ನು ಬೆಂಬಲಿಸುವುದಿಲ್ಲ ಅಂತ ಸ್ಪಷ್ಟವಾಗಿ ಬರೆದಿದ್ದರು. ನನ್ನ ಪ್ರೊಫೈಲ್, ಅಂದರೆ ಬ್ರೌಸರ್ ನನ್ನ ಡೇಟಾ ಇಡುವ ಫೋಲ್ಡರ್, ಆಗಲೇ 56ರ ಕೈಯಲ್ಲಿತ್ತು. ಹಿಂದಕ್ಕೆ ಹೋಗುವ ದಾರಿ ಸಲೀಸಾಗಿರಲಿಲ್ಲ.

ಆ ಟಿಪ್ಪಣಿ ಓದಿದ ಮೇಲೆ ನನ್ನ ಪ್ರಶ್ನೆಯೇ ಬದಲಾಯಿತು. ಬೀಟಾ ಚೆನ್ನಾಗಿದೆಯಾ, ಮಧ್ಯೆ ಮಧ್ಯೆ ನಿಂತುಹೋಗುತ್ತದಾ ಅಂತ ಅಲ್ಲಿಯವರೆಗೆ ಯೋಚಿಸುತ್ತಿದ್ದೆ. ಬ್ರೌಸರ್ ಪ್ರೋಗ್ರಾಂ ಅನ್ನು ಯಾವಾಗ ಬೇಕಾದರೂ ತೆಗೆದು ಹಳೆಯದನ್ನು ಹಾಕಬಹುದು. ಅದು ಹತ್ತು ನಿಮಿಷದ ಕೆಲಸ. ವಾಪಸ್ ತರಲು ಆಗದೇ ಇರುವುದು ಪ್ರೊಫೈಲ್. ನಮ್ಮ ಬುಕ್‌ಮಾರ್ಕ್, ಪಾಸ್‌ವರ್ಡ್, ಹಿಸ್ಟರಿ, ಸೆಟ್ಟಿಂಗ್, ಆಡ್‌ಆನ್‌ಗಳ ಡೇಟಾ ಎಲ್ಲ ಇರುವ ಫೋಲ್ಡರ್ ಅದು. ಹೊಸ ಆವೃತ್ತಿ ಒಮ್ಮೆ ಅದನ್ನು ತೆರೆದರೆ ಒಳಗಿನ ಡೇಟಾಬೇಸ್‌ಗಳನ್ನು ತನಗೆ ಬೇಕಾದ ಹಾಗೆ ಬದಲಾಯಿಸಿಕೊಳ್ಳಬಹುದು. ಹಳೆಯ ಆವೃತ್ತಿಗೆ ಆಮೇಲೆ ಅದು ಅರ್ಥ ಆಗಬೇಕು ಅಂತ ಏನೂ ಇಲ್ಲ. ಆ ದಿನಗಳಲ್ಲಿ ಇನ್ನೊಂದು ಅಪಾಯವೂ ಇತ್ತು. ಬೀಟಾವನ್ನು ಬೇರೆ ಫೋಲ್ಡರಿನಲ್ಲಿ ಹಾಕಿದರೂ ಅದು ಮಾಮೂಲಿ ಫೈರ್‌ಫಾಕ್ಸ್‌ನ ಪ್ರೊಫೈಲನ್ನೇ ತೆರೆಯುತ್ತಿತ್ತು. ವೆಬ್‌ಸೈಟ್ ಮಾಡುವವರಿಗೆ ಅಂತ ಇರುವ ಡೆವಲಪರ್ ಎಡಿಷನ್‌ಗೆ ಮಾತ್ರ ಅದರದ್ದೇ ಪ್ರೊಫೈಲ್ ಇತ್ತು. ಬೇರೆ ಕಡೆ ಹಾಕಿದ್ದೇನಲ್ಲ, ಏನಾಗುತ್ತೆ ಅಂತ ಧೈರ್ಯವಾಗಿ ತೆರೆದವರಿಗೆ ಇದು ಗೊತ್ತಾಗುತ್ತಲೇ ಇರಲಿಲ್ಲ.

ಹಾಗಾಗಿ ಮೊದಲ ಕೆಲಸ, ಪ್ರೊಫೈಲಿನ ಪ್ರತಿ. ಬ್ರೌಸರ್ ಪೂರ್ತಿ ಮುಚ್ಚಿದ ಮೇಲೆಯೇ ಇದನ್ನು ಮಾಡಬೇಕು. ತೆರೆದಿರುವಾಗ ಡೇಟಾಬೇಸ್ ಫೈಲುಗಳಿಗೆ ಬರೆಯುವ ಕೆಲಸ ನಡೆದೇ ಇರುತ್ತದೆ, ಪ್ರತಿ ಅರೆಬರೆ ಆಗಬಹುದು. ಬೇಕಾದ ಫೈಲುಗಳನ್ನು ಮಾತ್ರ ಆರಿಸಿ ಇಡೋಣ ಅನ್ನುವ ಯೋಚನೆ ಬೇಡ. ಪಾಸ್‌ವರ್ಡ್‌ಗಳನ್ನೇ ನೋಡಿ. ಅವು ಒಂದು ಫೈಲಿನಲ್ಲಿ, ಅದನ್ನು ಬಿಡಿಸುವ ಕೀಲಿ ಇನ್ನೊಂದರಲ್ಲಿ. ಒಂದನ್ನು ಬಿಟ್ಟು ಒಂದನ್ನು ಇಟ್ಟುಕೊಂಡರೆ ಎರಡೂ ದಂಡ. ನಾನು ಇಡೀ ಫೋಲ್ಡರನ್ನೇ ಹೊರಗಿನ ಹಾರ್ಡ್ ಡಿಸ್ಕಿಗೆ ಹಾಕಿದೆ. ಸ್ಕ್ರ್ಯಾಪ್‌ಬುಕ್ ಫೋಲ್ಡರ್ ದೊಡ್ಡದಿದ್ದ ಕಾರಣ ತುಂಬಾ ಹೊತ್ತು ಹಿಡಿಯಿತು.

ಪ್ರತಿ ಆಗುತ್ತಿರುವಾಗ ಆ ಫೋಲ್ಡರಿನೊಳಗೆ ಇಣುಕಿದೆ. ಒಂದೊಂದು ಪುಟಕ್ಕೂ ಒಂದೊಂದು ಉಪಫೋಲ್ಡರ್. ಹೆಸರಿನ ಜಾಗದಲ್ಲಿ ಉದ್ದದ ಅಂಕಿ. ನೋಡಿದರೆ ಅದು ಪುಟ ಉಳಿಸಿದ ವರ್ಷ, ತಿಂಗಳು, ದಿನ, ಗಂಟೆ, ನಿಮಿಷ, ಸೆಕೆಂಡು. ಒಳಗೆ ಮಾಮೂಲಿ ಎಚ್‌ಟಿಎಂಎಲ್ ಫೈಲು, ಅದರ ಚಿತ್ರಗಳು. ಅಷ್ಟೇ! ಎರಡು ಬಾರಿ ಒತ್ತಿದರೆ ಯಾವ ಬ್ರೌಸರಿನಲ್ಲಾದರೂ ತೆರೆಯುತ್ತದೆ. ಆಡ್‌ಆನ್ ಹೋದರೆ ಹೋಗುವುದು ಪಟ್ಟಿ ಮತ್ತು ಹುಡುಕುವ ಸೌಲಭ್ಯ, ಪುಟಗಳಲ್ಲ. ಆ ಕ್ಷಣದಲ್ಲಿ ಆದ ಸಮಾಧಾನ ಅಷ್ಟಿಷ್ಟಲ್ಲ. ಇದನ್ನು ಬರೆದ ಡೆವಲಪರ್ ತನಗೇ ಅರ್ಥವಾಗುವ ಗೂಢ ರೂಪದಲ್ಲಿ ಎಲ್ಲವನ್ನೂ ತುಂಬಿಡಬಹುದಿತ್ತು. ಹಾಗೆ ಮಾಡಲಿಲ್ಲ. ನನ್ನಂಥ ಎಷ್ಟು ಜನರ ಸಂಗ್ರಹ ಆ ಒಂದು ತೀರ್ಮಾನದಿಂದ ಉಳಿದಿರಬೇಕು!

ಪಟ್ಟಿಯನ್ನು ಉಳಿಸಿಕೊಳ್ಳುವ ದಾರಿಯೂ ಅದರಲ್ಲೇ ಇತ್ತು. ಇಡೀ ಸಂಗ್ರಹದ ಪಟ್ಟಿಯನ್ನು ಎಚ್‌ಟಿಎಂಎಲ್ ಆಗಿ ಹೊರಗೆ ಹಾಕುವ ಆಯ್ಕೆ ಮೆನುವಿನಲ್ಲಿ ಸಿಕ್ಕಿತು. 56ರಲ್ಲಿ, ಸ್ಕ್ರ್ಯಾಪ್‌ಬುಕ್ ಇನ್ನೂ ಓಡುತ್ತಿರುವಾಗಲೇ, ಅದನ್ನು ಮಾಡಿ ಮುಗಿಸಿದೆ. 57ಕ್ಕೆ ಹೋದ ಮೇಲೆ ನೆನಪಾಗಿದ್ದರೆ ಆ ಮೆನುವೇ ಇರುತ್ತಿರಲಿಲ್ಲ.

ಆಮೇಲೆ ಬೀಟಾ. ಬೇರೆ ಫೋಲ್ಡರಿನಲ್ಲಿ ಹಾಕಿದೆ. ತೆರೆಯುವ ಮುಂಚೆ ಪ್ರೊಫೈಲ್ ಮ್ಯಾನೇಜರ್ ಕರೆದು ಹೊಸ ಖಾಲಿ ಪ್ರೊಫೈಲ್ ಮಾಡಿದೆ. ಬೀಟಾದ ಶಾರ್ಟ್‌ಕಟ್ ಯಾವಾಗಲೂ ಅದನ್ನೇ ತೆರೆಯುವ ಹಾಗೆ ಹೆಸರು ಬರೆದಿಟ್ಟೆ.

ತೆರೆದಾಗ ಮೊದಲು ಕಂಡದ್ದು ಚೌಕ ಚೌಕ ಟ್ಯಾಬುಗಳು. ಹಳೆಯದರ ಬಾಗಿದ ಅಂಚು ಹೋಗಿತ್ತು. ವೇಗದ ಬಗ್ಗೆ ಜನ ಹೇಳಿದ್ದು ನಿಜ. ಚಿತ್ರಗಳು ತುಂಬಿದ ಉದ್ದನೆಯ ಪುಟವನ್ನು ಜೋರಾಗಿ ಕೆಳಗೆ ತಳ್ಳಿದರೂ ಬಿಳಿ ಜಾಗ ಕಾಣಿಸದೆ ಪುಟ ಹಿಂದೆಯೇ ಬಂತು. ಹೊಸ ಪ್ರೊಫೈಲ್ ಖಾಲಿ ಇರುವುದರಿಂದಲೂ ವೇಗ ಅನ್ನಿಸುತ್ತದೆ, ಅದನ್ನು ಮರೆಯಬಾರದು. ಅದಕ್ಕೇ 56ರಲ್ಲೂ ಒಂದು ಖಾಲಿ ಪ್ರೊಫೈಲ್ ಮಾಡಿ, ಅದೇ ಪುಟಗಳನ್ನು ತೆರೆದು ಹೋಲಿಸಿದೆ. ಆಗಲೂ 57 ಮುಂದೆಯೇ ಇತ್ತು. ಜಾಹೀರಾತು ತಡೆಯುವ ಆಡ್‌ಆನ್ ಯುಬ್ಲಾಕ್ ಒರಿಜಿನ್ ಆಗಲೇ ಹೊಸ ಪದ್ಧತಿಗೆ ಬಂದಿತ್ತು, ಹಾಕಿದ ಕೂಡಲೇ ಓಡಿತು. ಸ್ಕ್ರ್ಯಾಪ್‌ಬುಕ್‌ನಿಂದ ಹೊರಗೆ ಹಾಕಿದ ಪಟ್ಟಿಯನ್ನೂ ತೆರೆದು ನೋಡಿದೆ. ಎಡಗಡೆ ಫೋಲ್ಡರುಗಳ ಸಾಲು, ಬಲಗಡೆ ಪುಟ. ನಾನು ಎಳೆದಿದ್ದ ಹಳದಿ ಬಣ್ಣವೂ ಹಾಗೇ ಇತ್ತು.

ಇಷ್ಟೆಲ್ಲ ಆದ ಮೇಲೂ ಅವತ್ತು ನನ್ನ ಮುಖ್ಯ ಬ್ರೌಸರನ್ನು ಬೀಟಾಗೆ ಏರಿಸಲಿಲ್ಲ. ಬೀಟಾ ಬಳಸಲು ಹೆದರಿ ಅಲ್ಲ. ನನಗೆ ಬೀಟಾದಿಂದ ಸಿಗಬೇಕಾದ ದೊಡ್ಡ ಲಾಭ ಆಗಲೇ ಸಿಕ್ಕಿತ್ತು. ನವೆಂಬರ್ 14ರಂದು ಯಾವುದು ನಿಲ್ಲುತ್ತದೆ ಅನ್ನುವುದು ಹಳೆಯದು ಇನ್ನೂ ಓಡುತ್ತಿರುವಾಗಲೇ ಕಣ್ಣಿಗೆ ಕಂಡಿತ್ತು, ಸರಿಮಾಡಿಕೊಳ್ಳಲು ವಾರಗಟ್ಟಲೆ ಸಮಯವೂ ಉಳಿದಿತ್ತು. ಮುಂಚಿತವಾಗಿ ಬಿಡುವ ಆವೃತ್ತಿ ಅಂದರೆ ಹೊಸದನ್ನು ಎಲ್ಲರಿಗಿಂತ ಮೊದಲು ಬಳಸುವುದು ಅಂತಲೇ ತುಂಬಾ ಜನ ಅಂದುಕೊಂಡಿದ್ದಾರೆ. ನನಗೆ ಅದು ಹಳೆಯದರಿಂದ ಗಂಟುಮೂಟೆ ಕಟ್ಟಲು ಸಿಗುವ ಗಡುವು. ಹಾಗಂತ 56ರಲ್ಲೇ ಉಳಿಯುವ ಯೋಚನೆಯೂ ಇರಲಿಲ್ಲ. ಹೊಸ ಆವೃತ್ತಿ ಬಂದ ದಿನದಿಂದ ಹಳೆಯದಕ್ಕೆ ಭದ್ರತೆಯ ತಿದ್ದುಪಡಿ ನಿಲ್ಲುತ್ತದೆ. ಬ್ಯಾಂಕಿನ ಲಾಗಿನ್ ಇರುವ ಬ್ರೌಸರನ್ನು ಹಾಗೆ ಬಿಡುವುದು ಸರಿಯಲ್ಲ. ಅಪ್‌ಡೇಟ್ ನಿಲ್ಲಿಸಿ ಕೂತವರಿಗೆ ನಾನು ಆಗಲೂ ಇದನ್ನೇ ಹೇಳುತ್ತಿದ್ದೆ, ಈಗಲೂ ಹೇಳುತ್ತೇನೆ.

ನವೆಂಬರ್ 14ರವರೆಗೆ ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡೆ. ಓದುವುದು, ಹುಡುಕುವುದು ಬೀಟಾದಲ್ಲಿ. ಬ್ಯಾಂಕು, ಮೇಲ್, ಕಚೇರಿ ಕೆಲಸ 56ರಲ್ಲಿ. 57 ಬಂದ ದಿನ ಅಪ್‌ಡೇಟ್ ತಡೆಯಲಿಲ್ಲ. ಆಡ್‌ಆನ್ ಪುಟದಲ್ಲಿ ಹಳೆಯವೆಲ್ಲ ಬೇರೆಯದೇ ವಿಭಾಗಕ್ಕೆ ಹೋಗಿದ್ದವು. ಒಂದೊಂದರ ಮುಂದೆಯೂ ಬದಲಿ ಹುಡುಕುವ ಬಟನ್ ಇತ್ತು. ನನಗೆ ಅದನ್ನು ಒತ್ತುವ ಅಗತ್ಯ ಬೀಳಲಿಲ್ಲ. ಪುಟಗಳಲ್ಲಿ ಸ್ಕ್ರಿಪ್ಟ್ ಓಡದಂತೆ ತಡೆಯುವ ಆಡ್‌ಆನ್ ನೋಸ್ಕ್ರಿಪ್ಟ್ ಕೆಲವು ದಿನ ಬಿಟ್ಟು ಹೊಸ ರೂಪದಲ್ಲಿ ಬಂತು. ಡೌನ್‌ದೆಮ್‌ಆಲ್ 2019ರಲ್ಲಿ ಹೊಸದಾಗಿ ಬರೆದು ಬಂತು, ಮೊದಲಿನಷ್ಟು ಕೆಲಸಗಳು ಅದರಲ್ಲಿ ಇರಲಿಲ್ಲ. ಸ್ಕ್ರ್ಯಾಪ್‌ಬುಕ್ ಜಾಗಕ್ಕೆ ವೆಬ್‌ಸ್ಕ್ರ್ಯಾಪ್‌ಬುಕ್ ಸಿಕ್ಕಿತು. ಹಳೆಯ ಸಂಗ್ರಹವನ್ನು ಅದರ ರೂಪಕ್ಕೆ ತರುವ ಉಪಕರಣವೂ ಇದೆ.

ಇವತ್ತು ಇದೇ ತೀರ್ಮಾನ ಮಾಡುವವರಿಗೆ ಕೆಲಸ ಸ್ವಲ್ಪ ಹಗುರ. 2019ರ ಮೇನಲ್ಲಿ ಬಂದ ಫೈರ್‌ಫಾಕ್ಸ್ 67ರಿಂದ ಬೀಟಾ, ನೈಟ್ಲಿ (ದಿನಾ ಬರುವ ಪರೀಕ್ಷಾ ಆವೃತ್ತಿ), ಮಾಮೂಲಿ ಆವೃತ್ತಿ ಪ್ರತಿಯೊಂದಕ್ಕೂ ಬೇರೆ ಬೇರೆ ಪ್ರೊಫೈಲ್ ತಾನಾಗಿಯೇ ಸಿಗುತ್ತದೆ. ಹೊಸ ಆವೃತ್ತಿ ಮುಟ್ಟಿದ ಪ್ರೊಫೈಲನ್ನು ಹಳೆಯದರಲ್ಲಿ ತೆರೆಯಲು ಹೋದರೆ ಅದೇ ತಡೆದು, ಹೊಸ ಪ್ರೊಫೈಲ್ ಮಾಡಿ ಅನ್ನುತ್ತದೆ. ಪ್ರೊಫೈಲಿನ ಪ್ರತಿಯನ್ನು ಮಾತ್ರ ಈಗಲೂ ನಾವೇ ತೆಗೆದಿಡುವುದು ಒಳ್ಳೆಯದು. ಬ್ರೌಸರ್ ಮುಚ್ಚಿ, ಇಡೀ ಫೋಲ್ಡರ್.