ಭಾನುವಾರ ರಜೆ ಹಾಕುವ ರೇಸ್ ಟ್ರ್ಯಾಕ್

ಕಾರ್ ರೇಸ್ ಅಂದ್ರೆ ಭಾನುವಾರ, ಅಲ್ವಾ? ಅಮೆರಿಕದ ನಮ್ಮ ಕನೆಕ್ಟಿಕಟ್ ರಾಜ್ಯದಲ್ಲಿ ಹಾಗಿಲ್ಲ. ಹಾರ್ಟ್‌ಫರ್ಡ್‌ನಿಂದ ಸುಮಾರು ಒಂದು ಗಂಟೆ ಡ್ರೈವ್ ಮಾಡಿದರೆ ಲೈಮ್ ರಾಕ್ ಪಾರ್ಕ್ ಅನ್ನುವ ಟ್ರ್ಯಾಕ್ ಸಿಗುತ್ತದೆ. 1957ರಲ್ಲಿ ಶುರುವಾದದ್ದು. ಪಕ್ಕದಲ್ಲೇ ಚರ್ಚ್. ಇಂಜಿನ್ ಸದ್ದು ತಡೆಯಲಾಗದೆ ಅಕ್ಕಪಕ್ಕದವರು ಕೋರ್ಟ್‌ಗೆ ಹೋದರು, 1959ರಲ್ಲಿ ಭಾನುವಾರದ ರೇಸ್‌ಗೆ ತಡೆ ಬಿತ್ತು. ಇವತ್ತಿಗೂ ಅದೇ ನಿಯಮ. ಸೆಪ್ಟೆಂಬರ್‌ನ ಲೇಬರ್ ಡೇ ರಜೆಯಲ್ಲಿ ಹಳೇ ಕಾರುಗಳ ಹಬ್ಬ ನಡೆಯುತ್ತದೆ. ಶನಿವಾರ ರೇಸ್, ಸೋಮವಾರ ರೇಸ್, ನಡುವಿನ ಭಾನುವಾರ ಮಾತ್ರ ಕಾರುಗಳನ್ನು ಒರೆಸಿ ಟ್ರ್ಯಾಕ್ ಮೇಲೆ ಸಾಲಾಗಿ ನಿಲ್ಲಿಸುತ್ತಾರೆ, ಜನ ಆರಾಮಾಗಿ ನಡೆದುಕೊಂಡು ನೋಡುತ್ತಾರೆ. ನನಗಂತೂ ಈ ಭಾನುವಾರವೇ ಜಾಸ್ತಿ ಇಷ್ಟ.

ಗ್ಯಾಲರಿ ಇಲ್ಲ. ಹುಲ್ಲಿನ ಗುಡ್ಡದ ಮೇಲೆ ಚಾಪೆ ಹಾಸಿ, ಇಲ್ಲಾ ಮಡಚುವ ಕುರ್ಚಿ ಹಾಕಿ ಕೂರುವುದು. ಊರ ಜಾತ್ರೆಯಲ್ಲಿ ತೇರು ನೋಡಲು ದಿಬ್ಬ ಹಿಡಿದು ಕೂತ ಹಾಗೆ. ಟ್ರ್ಯಾಕ್ ಬರೀ 2.4 ಕಿಲೋಮೀಟರ್, ವೇಗದ ಕಾರುಗಳು ನಿಮಿಷದೊಳಗೆ ಸುತ್ತು ಮುಗಿಸಿ ಮತ್ತೆ ನಿಮ್ಮ ಮುಂದೆ ಬರುತ್ತವೆ, ಪುಳಿಯೋಗರೆ ಡಬ್ಬಿ ತೆಗೆಯುವಷ್ಟರಲ್ಲಿ ಯಾರು ಮುಂದೆ ಯಾರು ಹಿಂದೆ ಎಲ್ಲಾ ಬದಲಾಗಿರುತ್ತದೆ. ಕೊನೆಯ ತಿರುವು ಇಳಿಜಾರು, ಹೆಸರೂ ಸುಮ್ನೆ ಡೌನ್‌ಹಿಲ್. ಅಲ್ಲಿ ಕಾರು ಹಗುರಾಗಿ, ತಗ್ಗಿಗೆ ಬಂದ ತಕ್ಷಣ ಸ್ಪ್ರಿಂಗ್ ಕುಗ್ಗಿ ರಸ್ತೆಗೆ ಒತ್ತಿಕೊಳ್ಳುವುದು ಗುಡ್ಡದಿಂದ ಚೆನ್ನಾಗಿ ಕಾಣುತ್ತದೆ. ನಟ ಪಾಲ್ ನ್ಯೂಮನ್ ಕೂಡ ಇಲ್ಲಿ ರೇಸ್ ಓಡಿಸಿದವರು.

ಇಲ್ಲಿನ ಮೊದಲ ಮ್ಯಾನೇಜರ್ ಜಾನ್ ಫಿಚ್ ಕಥೆಯೇ ಬೇರೆ. ಫ್ರಾನ್ಸ್‌ನಲ್ಲಿ ನಡೆಯುವ 24 ಗಂಟೆಗಳ ಲೆ ಮಾನ್ಸ್ ರೇಸ್‌ನಲ್ಲಿ, 1955ರಲ್ಲಿ, ಅವರ ಜೊತೆ ಸರದಿಯಲ್ಲಿ ಓಡಿಸಬೇಕಿದ್ದ ಪಿಯೆರ್ ಲೆವೆಗ್ ಅಪಘಾತದಲ್ಲಿ ಸತ್ತರು, ಎಂಬತ್ತಕ್ಕೂ ಹೆಚ್ಚು ಪ್ರೇಕ್ಷಕರೂ ಹೋದರು. ಆಮೇಲೆ ಫಿಚ್ ಸುರಕ್ಷತೆಯ ಹಿಂದೆ ಬಿದ್ದರು. ಅಮೆರಿಕದ ಹೈವೇ ಎಕ್ಸಿಟ್‌ಗಳಲ್ಲಿ, ಕಾರು ಗುದ್ದಿದರೆ ಪೆಟ್ಟು ತಗ್ಗಿಸಲು ಇಟ್ಟ ಮರಳು ತುಂಬಿದ ಹಳದಿ ಡ್ರಮ್ಮುಗಳನ್ನು ನೋಡಿದ್ದೀರಲ್ಲ, ಅವು ಅವರದ್ದೇ ಐಡಿಯಾ.

2025ರ ಜೂನ್‌ನಲ್ಲಿ, ಅಮೆರಿಕದ ದೊಡ್ಡ ರೇಸ್ ಸಂಸ್ಥೆ ನ್ಯಾಸ್ಕಾರ್‌ನ ಟ್ರಕ್ ರೇಸ್ ಮೊದಲ ಸಲ ಇಲ್ಲಿಗೆ ಬಂತು. ಅಷ್ಟು ದೊಡ್ಡವರೂ ಶನಿವಾರವೇ ಓಡಿಸಿ ಗಂಟು ಕಟ್ಟಿದರು! ಈ ಕಡೆ ಮಕ್ಕಳ ಮನೆಗೆ ಬರುವವರು ನಯಾಗರ ಒಂದೇ ನೋಡಿ ಹೋಗಬೇಡಿ. ಕುರ್ಚಿ ನನ್ನ ಹತ್ತಿರ ಇದೆ, ಕಿವಿಗೆ ಹತ್ತಿ ನೀವೇ ತನ್ನಿ.