ಹಾಡಿನ ಪೆಟ್ಟಿಗೆ, ಮೂರನೇ ವಾರ: ಸಾಕೆಟ್ ಉತ್ತರ ಕೊಟ್ಟಿತು

ನಡುಮನೆಯ ಹಳೇ ಲ್ಯಾಪ್‌ಟಾಪ್‌ನಲ್ಲಿ ಎಂಪಿವಿ ಅನ್ನೋ ಪ್ಲೇಯರ್ ಪ್ರೋಗ್ರಾಂ ಹಾಡು ಹಾಕುತ್ತದೆ. ಅಮ್ಮ ಅಡುಗೆಮನೆಯಿಂದ "ಫೋನ್ ಬಂತು, ನಿಲ್ಸೋ" ಅಂದರೆ ಇಷ್ಟು ದಿನ ನಾನು ಎದ್ದು ಓಡಬೇಕಿತ್ತು. ಈಗ ನನ್ನ ಕೋಣೆಯಿಂದಲೇ ಎಸ್‌ಎಸ್‌ಎಚ್ ಮಾಡಿ (ನೆಟ್‌ವರ್ಕ್ ಮೂಲಕ ಆ ಲ್ಯಾಪ್‌ಟಾಪ್‌ಗೆ ಲಾಗಿನ್ ಆಗಿ), ಶೆಲ್‌ನಲ್ಲಿ, ಅಂದರೆ ಕಮಾಂಡ್ ಕೊಡೋ ಜಾಗದಲ್ಲಿ, ಒಂದು ಪದ ಟೈಪ್ ಮಾಡಿದರೆ ಸಾಕು.

ಶುರುವಾಗುವಾಗಲೇ ಒಂದು ಯುನಿಕ್ಸ್ ಸಾಕೆಟ್ (ಒಂದೇ ಕಂಪ್ಯೂಟರಿನ ಪ್ರೋಗ್ರಾಂಗಳು ಮಾತಾಡಿಕೊಳ್ಳೋ ದಾರಿ) ತೆರೆದಿಡು ಅಂತ ಎಂಪಿವಿಗೆ ಹೇಳಬಹುದು. ನೋಡೋಕೆ ಅದು ಫೈಲ್ ಥರಾನೇ, ಆದರೆ ಎಕೋ ಕಮಾಂಡ್‌ನಿಂದ ಅದರೊಳಗೆ ಬರೆಯೋಕಾಗಲ್ಲ. ಕನೆಕ್ಟ್ ಆಗಲೇಬೇಕು. ಬ್ಯಾಶ್ ಅನ್ನೋ ಶೆಲ್ ತಾನಾಗಿ ಟಿಸಿಪಿಗೆ (ನೆಟ್‌ವರ್ಕ್ ಕನೆಕ್ಷನ್‌ಗೆ) ಕನೆಕ್ಟ್ ಆಗುತ್ತದೆ, ಯುನಿಕ್ಸ್ ಸಾಕೆಟ್‌ಗೆ ಆಗಲ್ಲ. ಹಾಗಾಗಿ ಕನೆಕ್ಟ್ ಮಾಡಿಕೊಡೋ ಸೋಕ್ಯಾಟ್ ಅನ್ನೋ ಪ್ರೋಗ್ರಾಂ ಬಳಸುತ್ತಿದ್ದೆ. ಝಡ್ ಶೆಲ್ ಅನ್ನೋ ಇನ್ನೊಂದು ಶೆಲ್‌ನಲ್ಲಿ ಇದಕ್ಕೇ ಒಂದು ಮಾಡ್ಯೂಲ್ ಇದೆ ಅಂತ ಗೊತ್ತಾದ ಮೇಲೆ ಅದನ್ನೂ ಬಿಟ್ಟೆ. ಮಾಡ್ಯೂಲ್ ಲೋಡ್ ಮಾಡಿ, ಅದರ ಝಡ್‌ಸಾಕೆಟ್ ಕಮಾಂಡ್‌ಗೆ ಸಾಕೆಟ್‌ನ ಪಾತ್ (ಫೋಲ್ಡರ್‌ಗಳ ಸಮೇತ ಪೂರ್ತಿ ಹೆಸರು) ಕೊಟ್ಟರೆ ರಿಪ್ಲೈ ಅನ್ನೋ ವೇರಿಯಬಲ್‌ನಲ್ಲಿ ಒಂದು ನಂಬರ್ ಬಂದು ಕೂರುತ್ತದೆ. ಕಳಿಸೋಕೆ ಆ ನಂಬರಿಗೇ ಪ್ರಿಂಟ್, ಉತ್ತರ ಓದೋಕೆ ಆ ನಂಬರಿನಿಂದಲೇ ರೀಡ್. ಹೊರಗಿನ ಪ್ರೋಗ್ರಾಂ ಒಂದೂ ಬೇಡ. ನನಗಂತೂ ತುಂಬಾ ಖುಷಿಯಾಯ್ತು.

ಮೊದಲ ದಿನ ಕನೆಕ್ಟೇ ಆಗಲಿಲ್ಲ. ಸಾಕೆಟ್ ಅನ್ನು ಹಾಡಿನ ಫೋಲ್ಡರ್‌ನೊಳಗೇ ಇಟ್ಟಿದ್ದೆ, ಫೋಲ್ಡರ್ ಹೆಸರುಗಳೆಲ್ಲ ಕನ್ನಡದಲ್ಲಿವೆ. ಲಿನಕ್ಸ್‌ನಲ್ಲಿ ಸಾಕೆಟ್ ಪಾತ್‌ಗೆ ಇರೋ ಜಾಗ 108 ಬೈಟ್ ಮಾತ್ರ. "ಹಾಡುಗಳು" ಕಣ್ಣಿಗೆ ನಾಲ್ಕೇ ಅಕ್ಷರ, ಆದರೆ ಗುಣಿತದ ಚಿಹ್ನೆಗಳೂ ಸೇರಿ ಏಳು ಕೋಡ್, ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯೋ ಯುಟಿಎಫ್-8ರಲ್ಲಿ ಒಂದೊಂದಕ್ಕೆ 3 ಬೈಟ್, ಒಟ್ಟು 21. ಇಂಥ ಫೋಲ್ಡರ್ ಒಂದರೊಳಗೊಂದು ನಾಲ್ಕೈದಾದರೆ ಮುಗೀತು ಅಲ್ವಾ? ಹೆಸರು ಬದಲಿಸೋಕೆ ಮನಸ್ಸು ಬರಲಿಲ್ಲ. ಸಾಕೆಟ್ ಅನ್ನೇ ರನ್ ಅನ್ನೋ ಸಿಸ್ಟಂ ಫೋಲ್ಡರ್‌ನಲ್ಲಿ ನನ್ನ ಯೂಸರ್‌ಗೆ ಅಂತ ಇರೋ ಜಾಗಕ್ಕೆ ಸಾಗಿಸಿದೆ. ಅಲ್ಲಿಗೆ ಬೇರೆ ಯೂಸರ್‌ಗಳು ಕೈ ಹಾಕೋಕಾಗಲ್ಲ, ಅದೂ ಒಳ್ಳೇದೇ.

ಜಾಸ್ತಿ ಹೊತ್ತು ತಿಂದಿದ್ದು ಉತ್ತರ ಓದೋ ಕೆಲಸ. ನಿಲ್ಲಿಸು ಅಂದರೆ ಹಾಡು ನಿಲ್ಲುತ್ತಿತ್ತು. ಯಾವ ಹಾಡು ಅಂತ ಕೇಳಿದರೆ ಮಾತ್ರ ಒಮ್ಮೆ ಹೆಸರು ಬರುತ್ತಿತ್ತು, ಇನ್ನೊಮ್ಮೆ ಸಂಬಂಧವೇ ಇಲ್ಲದ ಸಾಲು. ಎರಡು ಸಂಜೆ ನನ್ನ ಜೇಸನ್ನೇ (ಎಂಪಿವಿಗೆ ಪ್ರಶ್ನೆ ಬರೆದು ಕಳಿಸೋ ಫಾರ್ಮ್ಯಾಟ್) ತಪ್ಪು ಅಂದುಕೊಂಡಿದ್ದೆ. ಆಮೇಲೆ ಬಂದ ಸಾಲುಗಳನ್ನೆಲ್ಲ ಸುಮ್ನೆ ಸ್ಕ್ರೀನಿಗೆ ಸುರಿದು ನೋಡಿದೆ. ಹಾಡು ಬದಲಾಯ್ತು, ಹೊಸ ಫೈಲ್ ಲೋಡ್ ಆಯ್ತು ಅನ್ನೋ ಸುದ್ದಿಗಳನ್ನೂ ಎಂಪಿವಿ ಅದೇ ಕನೆಕ್ಷನ್‌ನಲ್ಲಿ ಕಳಿಸುತ್ತದೆ. ನಾನು ಮೊದಲು ಸಿಕ್ಕ ಸಾಲನ್ನೇ ಉತ್ತರ ಅಂತ ಹಿಡಿಯುತ್ತಿದ್ದೆ. ಈಗ ಪ್ರತಿ ಪ್ರಶ್ನೆಗೂ ಒಂದು ರಿಕ್ವೆಸ್ಟ್ ಐಡಿ ಹಚ್ಚುತ್ತೇನೆ, ಅದೇ ಐಡಿ ಇರೋ ಸಾಲು ಬರುವವರೆಗೆ ಓದುತ್ತೇನೆ. ಎರಡು ಸೆಕೆಂಡ್ ಏನೂ ಬರದಿದ್ದರೆ ಕೈಬಿಡುತ್ತೇನೆ.

ನಿನ್ನೆ ರಾತ್ರಿ ಹತ್ತು ಹಾಡಿನ ಹೆಸರು ಕೇಳಿದೆ, ಹತ್ತೂ ಸರಿಯಾಗಿ ಬಂದವು. ಮುಂದಿನ ವಾರ, ಬೇಡ ಅಂತ ಬಿಟ್ಟ ಆ ಸುದ್ದಿಯ ಸಾಲುಗಳನ್ನೇ ಹಿಡಿದು, ಹಾಡು ಬದಲಾದಾಗ ಪ್ರಾಂಪ್ಟ್‌ನಲ್ಲಿ (ಶೆಲ್‌ನಲ್ಲಿ ಟೈಪ್ ಮಾಡೋ ಸಾಲಿನ ಶುರುವಿನಲ್ಲಿ) ಹೆಸರು ತೋರಿಸಬೇಕು.